ಬರೆದವರ ಕೈಗೇ ಮರಳಬೇಕಾದ ಲೆಕ್ಕ

(ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು ಮತ್ತು ಸಂಯೋಜಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನು ತುಸು ಸಂಕ್ಷೇಪಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಸಂಸ್ಥೆಯ ಒಂದು ರಿಜಿಸ್ಟರನ್ನು ನೆನಪಿಗೆ ತಂದುಕೊಳ್ಳಿ. ಮನೆಭೇಟಿಯ ಪುಸ್ತಕವಿರಬಹುದು, ಕಲಿಕಾ ಕೇಂದ್ರದ ಹಾಜರಿ ಇರಬಹುದು, ಈಗೀಗ ಟ್ಯಾಬ್‌ನಲ್ಲಿ ತುಂಬಿಸುವ ಫಾರ್ಮ್ ಇರಬಹುದು. ಅದನ್ನು ತುಂಬುವವರು ಯಾರು ಎಂದು ನಿಮಗೆ ಗೊತ್ತು. ಯಾವ ತಾರೀಖಿನೊಳಗೆ ಹೆಡ್ ಆಫೀಸ್ ತಲುಪಬೇಕು ಎನ್ನುವುದೂ ಗೊತ್ತು. ಈಗ ಇನ್ನೊಂದು ಪ್ರಶ್ನೆ. ಅದರಲ್ಲಿದ್ದ ಯಾವುದಾದರೂ ಒಂದು ಸಂಖ್ಯೆಯನ್ನು ನೋಡಿ, ಕಳೆದ ಮೂರು ತಿಂಗಳಲ್ಲಿ ನಿಮ್ಮಲ್ಲಿ ಯಾರಾದರೂ ಮಾಡುವ ಕೆಲಸವನ್ನು ಬೇರೆ ರೀತಿ ಮಾಡಿದ್ದು ಉಂಟೇ?

ಉಂಟು ಎನ್ನುವವರು ಇಲ್ಲಿ ಕೆಲವರಾದರೂ ಇದ್ದೀರಿ ಎಂದು ನಂಬಿದ್ದೇನೆ. ಆದರೆ ಬಹುಪಾಲು ಸಂಸ್ಥೆಗಳಲ್ಲಿ ಲೆಕ್ಕ ಒಂದೇ ದಿಕ್ಕಿನಲ್ಲಿ ಚಲಿಸುತ್ತದೆ. ಹಳ್ಳಿಯಲ್ಲಿ ಹುಟ್ಟುತ್ತದೆ, ಕೆಲವು ಹಳ್ಳಿಗಳ ಕ್ಲಸ್ಟರಿನಲ್ಲಿ ಕೂಡುತ್ತದೆ, ತಾಲ್ಲೂಕಿನಲ್ಲಿ ಎಕ್ಸೆಲ್ ಶೀಟಾಗುತ್ತದೆ, ಬೆಂಗಳೂರಿನಲ್ಲಿ ಬಣ್ಣದ ಚಾರ್ಟಾಗಿ ದಾನಿಗಳ ಇಮೇಲ್ ಸೇರುತ್ತದೆ. ಪ್ರತಿ ಮೆಟ್ಟಿಲಿಗೂ ಅದರೊಳಗಿನ ಜನ ಕರಗುತ್ತಾರೆ. ಕೇಂದ್ರಕ್ಕೆ ಎರಡು ವಾರದಿಂದ ಬಾರದ ಹುಡುಗಿಯ ಹೆಸರು ಹಳ್ಳಿಯ ಪುಸ್ತಕದಲ್ಲಿದೆ. ಮೇಲೆ ಹೋಗುವಷ್ಟರಲ್ಲಿ ಅವಳು ಶೇಕಡಾವಾರು ಹಾಜರಾತಿಯಲ್ಲಿ ಒಂದು ದಶಾಂಶ. ಆ ಸಂಖ್ಯೆ ಮರಳಿ ಹಳ್ಳಿಗೆ ಬರುವುದೇ ಇಲ್ಲ. ಬಂದರೂ ವರ್ಷ ಕಳೆದು, ‘ನಿಮ್ಮ ಕ್ಲಸ್ಟರ್ ಹಿಂದೆ ಬಿದ್ದಿದೆ’ ಎಂಬ ಮಾತಾಗಿ ಬರುತ್ತದೆ.

ಉಸ್ತುವಾರಿ ಮತ್ತು ಮೌಲ್ಯಮಾಪನವನ್ನು ಸಂಸ್ಥೆಯ ಕೆಲಸದೊಳಗೇ ಕೂಡಿಸಬೇಕು ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ನನ್ನ ಪ್ರಕಾರ ಅದರ ಅರ್ಥ ಒಂದೇ. ಲೆಕ್ಕ ಮೊದಲು ಬರೆದವರಿಗೆ ಉಪಯೋಗವಾಗಬೇಕು, ಆಮೇಲೆ ಮೇಲಿನವರಿಗೆ. ಈ ಕ್ರಮ ತಿರುಗುಮುರುಗಾದರೆ ಎಷ್ಟು ಒಳ್ಳೆಯ ಸಾಫ್ಟ್‌ವೇರ್ ತಂದರೂ, ಅಳೆಯಬೇಕಾದ ಸಂಗತಿಗಳೆಂದು ಎಷ್ಟು ಸೂಚಕಗಳನ್ನು ಜೋಡಿಸಿದರೂ ಅದು ಹೊರಗಿನಿಂದ ಅಂಟಿಸಿದ ಕೆಲಸವಾಗಿಯೇ ಉಳಿಯುತ್ತದೆ.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸ್ತ್ರೀಶಕ್ತಿ ಗುಂಪಿನ ವಾರದ ಸಭೆಯಲ್ಲಿ ಕುಳಿತಿದ್ದವರು ನೋಡಿದ್ದೀರಿ. ಪುಸ್ತಕ ಬರೆಯುವಾಕೆ ಎಲ್ಲರ ಎದುರು ಓದುತ್ತಾಳೆ: ಯಾರ ಉಳಿತಾಯ ಎಷ್ಟು, ಯಾರ ಸಾಲದ ಕಂತು ಬಾಕಿ, ಪೆಟ್ಟಿಗೆಯಲ್ಲಿ ಎಷ್ಟಿದೆ. ಓದು ಬಾರದ ಸದಸ್ಯೆಯೂ ತನ್ನ ಲೆಕ್ಕವನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಾಳೆ. ಪೆಟ್ಟಿಗೆಯಲ್ಲಿ ಇರುವುದನ್ನು ಕೇಳಿಸಿಕೊಂಡ ಮೇಲೆಯೇ ಈ ವಾರ ಯಾರಿಗೆ ಸಾಲ ಎಂಬ ತೀರ್ಮಾನ. ಲೆಕ್ಕಕ್ಕೂ ನಿರ್ಧಾರಕ್ಕೂ ನಡುವೆ ಅಲ್ಲಿ ಹತ್ತು ನಿಮಿಷದ ಅಂತರವೂ ಇಲ್ಲ. ನಮ್ಮ ಸಂಸ್ಥೆಗಳಲ್ಲಿ ಆ ಅಂತರ ಎಷ್ಟು ತಿಂಗಳಿನದು ಎಂದು ಯೋಚಿಸಿ.

ದೊಡ್ಡ ಮಟ್ಟದಲ್ಲಿ ಇದನ್ನು ಮಾಡಿ ತೋರಿಸಿದ ಒಂದು ಸಂಸ್ಥೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 1986ರಲ್ಲಿ ಆರಂಭಿಸಿದ ‘ಸರ್ಚ್’. ಕಾಡು, ಆದಿವಾಸಿ ಹಳ್ಳಿಗಳು, ದೂರದ ಆಸ್ಪತ್ರೆ. ಅಲ್ಲಿ ಹುಟ್ಟಿದ ಮಕ್ಕಳು ಮೊದಲ ತಿಂಗಳಲ್ಲೇ ತೀರಿಹೋಗುತ್ತಿದ್ದವು. ತಾವು ಕೆಲಸ ಮಾಡುವ 39 ಹಳ್ಳಿಗಳಲ್ಲೂ, ಹೋಲಿಕೆಗೆಂದು ಆರಿಸಿಕೊಂಡ 47 ಹಳ್ಳಿಗಳಲ್ಲೂ ಪ್ರತಿ ಹುಟ್ಟು, ಪ್ರತಿ ಸಾವನ್ನು ದಾಖಲಿಸುವ ವ್ಯವಸ್ಥೆಯನ್ನು ಅವರು ಮೊದಲು ಕಟ್ಟಿದರು. ಹಳ್ಳಿಯವರೇ ಬರೆಯುತ್ತಿದ್ದರು, ತಪ್ಪಿಹೋದದ್ದನ್ನು ಹಿಡಿಯಲು ಆರು ತಿಂಗಳಿಗೊಮ್ಮೆ ಮನೆಮನೆ ಸಮೀಕ್ಷೆ. ಹಾಗೆ ತಿಳಿದುಬಂದದ್ದು: 1993ರಿಂದ 95ರ ನಡುವೆ ಸಾವಿರ ಜೀವಂತ ಜನನಕ್ಕೆ 62 ಶಿಶುಗಳು 28 ದಿನ ತುಂಬುವ ಮೊದಲೇ ಸಾಯುತ್ತಿದ್ದವು.

ಆಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಆರೋಗ್ಯದೂತರನ್ನಾಗಿ ಮಾಡಿದರು. ಹೆಚ್ಚು ಓದಿದವರಲ್ಲ. ಅವರು ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ ನೋಡಿ, ಜ್ವರ ನೋಡಿ, ಉಸಿರು ಎಣಿಸಿ ಬರೆಯುತ್ತಿದ್ದರು. ಆ ಹಾಳೆಯಲ್ಲಿ ಏನಿತ್ತು ಎನ್ನುವುದನ್ನು ನೀವು ಗಮನಿಸಬೇಕು. ತೂಕ ಇಷ್ಟಕ್ಕಿಂತ ಕಡಿಮೆ ಎಂದು ಬರೆದ ಕೂಡಲೇ ಆ ಮಗು ಅಪಾಯದ ಗುಂಪಿಗೆ ಸೇರಿ ಅದಕ್ಕೆ ಹೆಚ್ಚು ಭೇಟಿ. ಮಗು ಹಾಲು ಕುಡಿಯುತ್ತಿಲ್ಲ, ಅಳು ಕ್ಷೀಣವಾಗಿದೆ ಎಂಬಂಥ ಲಕ್ಷಣಗಳು ಕೂಡಿ ಬಂದರೆ ಸೋಂಕು ಎಂದು ತಿಳಿದು, ಮನೆಯವರ ಒಪ್ಪಿಗೆ ಪಡೆದು, ಆಕೆಯೇ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುತ್ತಿದ್ದಳು. ಬರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿತ್ತು. ಅದೇ ಹಾಳೆಗಳನ್ನು ಒಟ್ಟು ಸೇರಿಸಿದಾಗ ಸಂಶೋಧನೆಯೂ ಆಯಿತು. ಮೂರನೇ ವರ್ಷಕ್ಕೆ ಅವರ ಹಳ್ಳಿಗಳಲ್ಲಿ ಆ 62 ಎನ್ನುವುದು 25ರ ಆಸುಪಾಸಿಗೆ ಇಳಿದಿತ್ತು. ಹೋಲಿಕೆಯ ಹಳ್ಳಿಗಳಲ್ಲಿ 60ರ ಹತ್ತಿರವೇ ಇತ್ತು. 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ದೇಶದ ಆಶಾ ಕಾರ್ಯಕ್ರಮದೊಳಗೆ ಮನೆಯಲ್ಲೇ ನವಜಾತ ಶಿಶು ಆರೈಕೆ ಸೇರಿಕೊಂಡಿತು. ಇಂದು ನಮ್ಮ ಆಶಾ ಅಕ್ಕಂದಿರು ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗುತ್ತಾರಲ್ಲ, ಆ ಆರು ಭೇಟಿಗಳ ಬೇರು ಇಲ್ಲಿದೆ.

ಗಡಚಿರೋಲಿಯಲ್ಲಿ ಕೆಲಸದ ವಿಭಾಗ ಒಂದು, ಉಸ್ತುವಾರಿ ವಿಭಾಗ ಇನ್ನೊಂದು ಎಂದು ಇರಲಿಲ್ಲ. ಹಾಗೆ ಬೇರೆ ಮಾಡಿದ್ದರೆ ಆ ಮಕ್ಕಳು ಉಳಿಯುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಎರಡನೆಯ ಉದಾಹರಣೆ ನಮ್ಮ ಪಾವಗಡ, ಗೌರಿಬಿದನೂರಿನ ಪಕ್ಕದ ಸೀಮೆಯದು. ಅನಂತಪುರ, ಕರ್ನೂಲು, ಚಿತ್ತೂರು, ಕಡಪ ಸೇರಿ ಆಗಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2003ರ ನಂತರ ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆಯೊಂದು ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲವಿತ್ತು, ನಡೆಸಿದ್ದು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳು. ಅಲ್ಲಿ ಯಾರೂ ಬೋರ್‌ವೆಲ್ ಕೊರೆಯಬೇಡಿ ಎಂದು ಆಜ್ಞೆ ಮಾಡಲಿಲ್ಲ, ಭತ್ತ ಬಿಟ್ಟವರಿಗೆ ಹಣ ಕೊಡಲಿಲ್ಲ. ರೈತರಿಗೆ ಮಳೆಮಾಪಕ ಓದಲು, ಆಯ್ದ ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ಅಳೆಯಲು ಕಲಿಸಿದರು. ಅಳತೆಯನ್ನು ಊರಿನ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬರೆದರು. ಮುಂಗಾರು ಮುಗಿದು ಹಿಂಗಾರಿ ಬಿತ್ತನೆಗೆ ಮುನ್ನ ಆ ಹಳ್ಳದ ಪಾತ್ರದ ರೈತರೆಲ್ಲ ಸೇರಿ ಲೆಕ್ಕ ಹಾಕುತ್ತಿದ್ದರು: ಈ ಸಲ ಭೂಮಿಗೆ ಇಂಗಿದ ನೀರೆಷ್ಟು, ನಾವೆಲ್ಲ ಅಂದುಕೊಂಡಂತೆ ಬೆಳೆ ಇಟ್ಟರೆ ಬೇಕಾಗುವ ನೀರೆಷ್ಟು. ಕೊರತೆ ಎಷ್ಟು ಎಂಬುದು ತಾವೇ ಅಳೆದ ಸಂಖ್ಯೆಗಳಿಂದ ಹೊರಬರುತ್ತಿತ್ತು. ಅದನ್ನು ನೋಡಿ ಹಲವು ಕಡೆ ರೈತರು ಹಿಂಗಾರಿನ ಭತ್ತ ಕಡಿಮೆ ಮಾಡಿ, ಕಡಿಮೆ ನೀರು ಕುಡಿಯುವ ಬೆಳೆಗಳಿಗೆ ತಿರುಗಿದರು.

ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಆ ಸಭೆಯ ಸಮಯ. ಅದನ್ನು ಬಿತ್ತನೆಯಾದ ಮೇಲೆ ಕರೆದಿದ್ದರೆ ಅದೇ ಸಂಖ್ಯೆಗಳಿಂದ ಒಂದು ಹಿಡಿ ಪ್ರಯೋಜನವೂ ಇರುತ್ತಿರಲಿಲ್ಲ. ನಮ್ಮ ಬಹಳಷ್ಟು ಮೌಲ್ಯಮಾಪನಗಳು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಬರುತ್ತವೆ. ಯೋಜನೆ ಮುಗಿದಿರುತ್ತದೆ, ಕಾರ್ಯಕರ್ತರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಆಗ ಎಂಬತ್ತು ಪುಟದ ವರದಿ ಕೈಗೆ ಬರುತ್ತದೆ. ವರ್ಷದಲ್ಲಿ ನಿಮ್ಮ ಸಂಸ್ಥೆ ನಿಜವಾಗಿ ನಿರ್ಧಾರ ಮಾಡುವ ದಿನಗಳು ಯಾವುವು ಎಂದು ಮೊದಲು ಗುರುತಿಸಿ. ಶಾಲೆಯ ಕೆಲಸವಾದರೆ ಜೂನ್ ಮತ್ತು ದಸರಾ ರಜೆಯ ಆಚೀಚೆ, ಕೃಷಿಯಾದರೆ ಬಿತ್ತನೆಗೆ ಮುನ್ನ, ಬಜೆಟ್ಟಿಗೆ ಫೆಬ್ರವರಿ. ಲೆಕ್ಕ ಆ ದಿನಗಳಿಗಿಂತ ಎರಡು ವಾರ ಮೊದಲು ಸಿದ್ಧವಿರಲಿ. ನೀರಿನ ಲೆಕ್ಕದ ಈ ಪದ್ಧತಿ 2020ರ ನಂತರ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯ ಮೂಲಕ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಆಯ್ದ ಗ್ರಾಮ ಪಂಚಾಯಿತಿಗಳಿಗೆ ಬಂದಿತು. ಆ ಪಂಚಾಯಿತಿಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ನಿಮ್ಮ ಜಲ ಬಜೆಟ್ ಯಾವ ತಿಂಗಳಲ್ಲಿ ಊರಿನ ಮುಂದೆ ಬರುತ್ತಿದೆ ಎಂದು ನೋಡಿಕೊಳ್ಳಿ.

ಇನ್ನು ಉದಯಪುರಕ್ಕೆ ಹೋಗೋಣ. ರಾಜಸ್ಥಾನದ ಈ ಜಿಲ್ಲೆಯ ‘ಸೇವಾ ಮಂದಿರ’ ಹಳೆಯ ಸಂಸ್ಥೆ. ದೂರದ ಹಳ್ಳಿಗಳಲ್ಲಿ ಒಬ್ಬೊಬ್ಬರೇ ಶಿಕ್ಷಕರಿರುವ ಕಲಿಕಾ ಕೇಂದ್ರಗಳನ್ನು ನಡೆಸುತ್ತಿತ್ತು. ಶಿಕ್ಷಕರು ಬಾರದ ದಿನಗಳು ಬಹಳ. 2003ರಲ್ಲಿ, ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಜೊತೆ ಸೇರಿ ಸಂಸ್ಥೆ ಒಂದು ಪ್ರಯೋಗ ಮಾಡಿತು. ಶಿಕ್ಷಕರ ಕೈಗೆ ಒಂದು ಕ್ಯಾಮೆರಾ. ದಿನದ ಮೊದಲಿಗೆ ಮತ್ತು ಕೊನೆಗೆ ಮಕ್ಕಳೊಂದಿಗೆ ಶಿಕ್ಷಕರ ಫೋಟೊವನ್ನು ಒಬ್ಬ ವಿದ್ಯಾರ್ಥಿ ತೆಗೆಯಬೇಕು. ತಾರೀಖು, ಗಂಟೆ ಫೋಟೊದ ಮೇಲೇ ಮೂಡುತ್ತದೆ. ಶಿಕ್ಷಕರು ಕೇಂದ್ರಕ್ಕೆ ಬಂದ ದಿನಗಳ ಲೆಕ್ಕಕ್ಕೆ ಸಂಬಳವನ್ನು ಕಟ್ಟಿದ್ದರು. ಗೈರುಹಾಜರಿ ಇತರ ಕೇಂದ್ರಗಳಲ್ಲಿ ಶೇ. 42 ಇದ್ದಾಗ ಇಲ್ಲಿ ಶೇ. 21ಕ್ಕೆ ಇಳಿಯಿತು. ಮಕ್ಕಳ ಕಲಿಕೆಯೂ ಏರಿತು.

ಕೆಲವು ವರ್ಷಗಳ ನಂತರ ಅದೇ ಜಿಲ್ಲೆಯಲ್ಲಿ ಸರ್ಕಾರಿ ಉಪಕೇಂದ್ರಗಳ ನರ್ಸ್‌ಗಳ ಹಾಜರಾತಿಗೂ ಇಂಥದೇ ಏರ್ಪಾಡು ಮಾಡಿದರು. ಸಮಯ ಮುದ್ರಿಸುವ ಯಂತ್ರ, ಗೈರಾದರೆ ಸಂಬಳ ಕಡಿತ. ಮೊದಲ ಕೆಲವು ತಿಂಗಳು ಹಾಜರಾತಿ ಚೆನ್ನಾಗಿ ಏರಿತು. ಆಮೇಲೆ ‘ವಿನಾಯಿತಿ ದಿನ’ಗಳು ಬೆಳೆಯತೊಡಗಿದವು: ಮೀಟಿಂಗ್, ಸರ್ವೆ, ಬೇರೆ ಡ್ಯೂಟಿ. ಆಡಳಿತವೇ ಅವುಗಳಿಗೆ ಒಪ್ಪಿಗೆ ಕೊಡುತ್ತಿತ್ತು. ಹದಿನಾರು ತಿಂಗಳ ಹೊತ್ತಿಗೆ ಯಂತ್ರವಿದ್ದ ಉಪಕೇಂದ್ರಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಎರಡೂ ಕಡೆ ಯಂತ್ರವಿತ್ತು, ಅಳತೆ ನಿಖರವಾಗಿತ್ತು. ಒಂದು ಕಡೆ ಆ ಲೆಕ್ಕವನ್ನು ಬಯಸಿದ ಸಂಸ್ಥೆಯೇ ಅದರ ಮೇಲೆ ನಡೆಯುವ ಅಧಿಕಾರವನ್ನೂ ಹೊಂದಿತ್ತು, ಪ್ರತಿ ತಿಂಗಳೂ ತಪ್ಪದೆ ನಡೆಯಿತು. ಇನ್ನೊಂದು ಕಡೆ ಲೆಕ್ಕ ಒಬ್ಬರ ಕೈಯಲ್ಲಿ, ಮಾಫಿ ಇನ್ನೊಬ್ಬರ ಕೈಯಲ್ಲಿ. ನಾನು ಹಾಜರಾತಿ ಯಂತ್ರದ ಪರ ವಾದಿಸುತ್ತಿಲ್ಲ. ಸಂಬಳ ಕಡಿತ ನಮ್ಮ ಕಾರ್ಯಕರ್ತರಿಗೆ ಸರಿಯಾದ ದಾರಿ ಎಂದೂ ನನಗೆ ಅನಿಸುವುದಿಲ್ಲ. ಹೊಸ ಸೂಚಕವೊಂದನ್ನು ಸೇರಿಸುವ ಮುನ್ನ ‘ಈ ಸಂಖ್ಯೆ ಕೆಟ್ಟದಾಗಿ ಬಂದರೆ ಯಾರು ಏನು ಮಾಡುತ್ತಾರೆ’ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆ ಕಾಲಂ ಬೇಡ.

ಮಾಹಿತಿ ಕೊಟ್ಟರೆ ಸಾಕು, ಜನ ಎಚ್ಚೆತ್ತುಕೊಳ್ಳುತ್ತಾರೆ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ‘ಪ್ರಥಮ್’ ಸಂಸ್ಥೆ 2005-06ರ ಹೊತ್ತಿಗೆ 280 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿತು. ಕೆಲವು ಹಳ್ಳಿಗಳಲ್ಲಿ ಶಿಕ್ಷಣ ಸಮಿತಿಯ ಹಕ್ಕುಗಳ ಬಗ್ಗೆ ಸಭೆ ನಡೆಸಿ ತಿಳಿಸಿದರು. ಕೆಲವು ಕಡೆ ಊರವರೇ ಮಕ್ಕಳ ಓದನ್ನು ಪರೀಕ್ಷಿಸಿ ಊರಿನ ಕಲಿಕಾ ಪಟ್ಟಿ ತಯಾರಿಸುವಂತೆ ಮಾಡಿದರು. ಇನ್ನು ಕೆಲವು ಕಡೆ ಇದರ ಜೊತೆಗೆ ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸರಳ ವಿಧಾನವನ್ನು ಹೇಳಿಕೊಟ್ಟರು. ಮೊದಲ ಎರಡು ಬಗೆಯಿಂದ ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಮೂರನೆಯದರಲ್ಲಿ, ಓದುವ ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು. ಜನಕ್ಕೆ ಕಾಳಜಿ ಇರಲಿಲ್ಲ ಎಂದು ಇದನ್ನು ಓದಬಾರದು. ಕೈಯಲ್ಲಿ ಪಟ್ಟಿ ಇತ್ತು, ಮಾಡಲು ದಾರಿ ಇರಲಿಲ್ಲ. ದಾರಿ ತೋರಿಸಿದಾಗ ಯುವಕರು ಸಂಬಳವಿಲ್ಲದೆ ಮುಂದೆ ಬಂದರು.

ಅದೇ ಪ್ರಥಮ್‌ನ ಓದಿನ ಪರೀಕ್ಷೆಯ ಸರಳತೆಯನ್ನು ನಾನು ಬಹಳ ಮೆಚ್ಚುತ್ತೇನೆ. 2005ರಿಂದ ಮಕ್ಕಳ ಕಲಿಕೆಯ ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಆ ಒಂದು ಹಾಳೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಮಗು ಎಲ್ಲಿ ನಿಲ್ಲುತ್ತದೆ ಎನ್ನುವುದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಐದನೇ ತರಗತಿಯ ಮಕ್ಕಳಲ್ಲಿ ಆ ಕಥೆ ಓದಬಲ್ಲವರು ದೇಶದಲ್ಲಿ 2018ರಲ್ಲಿ ಸುಮಾರು ಅರ್ಧ, 2022ರಲ್ಲಿ ಶೇ. 43ರಷ್ಟು. ಈ ಅಂಕಿಗಳು ದೆಹಲಿಯಲ್ಲಿ ಸುದ್ದಿಯಾಗುತ್ತವೆ. ಆದರೆ ಅದೇ ಹಾಳೆಯನ್ನು ಅಂಗಳದಲ್ಲಿ ಕುಳಿತ ತಾಯಿಯ ಎದುರೇ ಓದಿಸಿದಾಗ ಆಕೆಗೂ ಅರ್ಥವಾಗುತ್ತದೆ; ಶಿಕ್ಷಕಿಗೆ ನಾಳೆ ಯಾವ ಮಕ್ಕಳನ್ನು ಯಾವ ಗುಂಪಿನಲ್ಲಿ ಕೂರಿಸಬೇಕು ಎನ್ನುವುದೂ ತಿಳಿಯುತ್ತದೆ. ನಿಮ್ಮ ಅಳತೆಗೋಲು ಫಲಾನುಭವಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ ಎಂದು ಒಮ್ಮೆ ನೋಡಿ. ನಮ್ಮಲ್ಲಿ ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳಲ್ಲೂ ಇದೇ ಗುಣವಿದೆ. ಮಕ್ಕಳ ಲೆಕ್ಕದ ಮಟ್ಟ ಪೋಷಕರ, ಪಂಚಾಯಿತಿ ಸದಸ್ಯರ ಕಣ್ಣೆದುರಿಗೆ ಬರುತ್ತದೆ.

ಹಣದ ಮಾತಿಗೆ ಬರೋಣ, ಏಕೆಂದರೆ ಎಲ್ಲರ ಮನಸ್ಸಿನಲ್ಲಿ ಅದಿದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಖರ್ಚು ಮಾಡಬೇಕಾದ ಹಣ ಬರತೊಡಗಿತು. 2021ರ ತಿದ್ದುಪಡಿಯಂತೆ, ಹಿಂದಿನ ಮೂರು ವರ್ಷದ ಸರಾಸರಿಯಲ್ಲಿ 10 ಕೋಟಿ ರೂಪಾಯಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆಯಿರುವ ಕಂಪನಿಗಳು ಒಂದು ಕೋಟಿ ಅಥವಾ ಹೆಚ್ಚು ವೆಚ್ಚದ ಯೋಜನೆಗಳಿಗೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಅಧ್ಯಯನ ಮಾಡಿಸಲೇಬೇಕು, ಅದೂ ಯೋಜನೆ ಮುಗಿದು ಒಂದು ವರ್ಷವಾದ ಮೇಲೆ. ಅದರ ವೆಚ್ಚಕ್ಕೆ 2022ರಲ್ಲಿ ನಿಗದಿಯಾದ ಮಿತಿ ಒಟ್ಟು ಸಿಎಸ್‌ಆರ್ ಖರ್ಚಿನ ಶೇ. 2 ಅಥವಾ 50 ಲಕ್ಷ, ಯಾವುದು ಹೆಚ್ಚೋ ಅದು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಆ ಅಧ್ಯಯನ ಕಂಪನಿಯ ಮಂಡಳಿಗೆ ಹೋಗುತ್ತದೆ. ಯೋಜನೆ ನಡೆಯುತ್ತಿರುವಾಗ ನಿಮ್ಮ ಕೈಗೆ ಏನೂ ಸಿಗುವುದಿಲ್ಲ. ಇತ್ತ 2020ರಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ತಿದ್ದುಪಡಿಯಾಗಿ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಹೀಗಿರುವಾಗ ಉಸ್ತುವಾರಿಗೆಂದೇ ಪ್ರತ್ಯೇಕ ಘಟಕ ಕಟ್ಟುವುದು ಸಣ್ಣ ಸಂಸ್ಥೆಗಳಿಗೆ ಆಗದ ಮಾತು. ಕಾರ್ಯಕರ್ತೆಯ ವಾರದ ಕೆಲಸದ ಪಟ್ಟಿಯಲ್ಲೇ ಬರೆಯುವ ಸಮಯ, ಕುಳಿತು ನೋಡುವ ಸಮಯ ಎರಡನ್ನೂ ಇಡಿ. ಬರೆಯುವುದಕ್ಕೆ ಸಮಯ ಕೊಟ್ಟು ನೋಡುವುದಕ್ಕೆ ಕೊಡದ ಸಂಸ್ಥೆಗಳೇ ಹೆಚ್ಚು.

ಆ ನೋಡುವ ಸಭೆ ಹೇಗಿರಬೇಕು? ತಿಂಗಳಿಗೊಮ್ಮೆ, ಒಂದೂವರೆ ಗಂಟೆ, ಕ್ಷೇತ್ರ ಮಟ್ಟದಲ್ಲೇ. ಎರಡು ಅಥವಾ ಮೂರು ಸಂಖ್ಯೆಗಳು ಸಾಕು. ಬರೆದವರೇ ಓದಿ ಹೇಳಲಿ, ಸಂಯೋಜಕರು ಕೇಳಲಿ. ಸಭೆಯ ಕೊನೆಗೆ ನಡಾವಳಿಯಲ್ಲಿ ಒಂದೇ ಸಾಲು: ‘ಇದನ್ನು ನೋಡಿ ಮುಂದಿನ ತಿಂಗಳು ನಾವು ಬದಲಿಸುವುದು ಇದು’. ಆ ಸಾಲು ಸತತ ನಾಲ್ಕು ತಿಂಗಳು ಖಾಲಿ ಉಳಿದರೆ ನೀವು ತಪ್ಪು ಸಂಗತಿಯನ್ನು ಅಳೆಯುತ್ತಿದ್ದೀರಿ. ಸಂಖ್ಯೆಯನ್ನು ಬದಲಿಸಿ.

ಪ್ರಶ್ನೋತ್ತರದಲ್ಲಿ ಸಂಯೋಜಕರೊಬ್ಬರು ಕೇಳಿದರು: ‘ನಮ್ಮದು ಆರು ಜನರ ಸಂಸ್ಥೆ. ಗಡಚಿರೋಲಿಯ ಹಾಗೆ ಹೋಲಿಕೆಯ ಹಳ್ಳಿಗಳನ್ನು ಇಟ್ಟುಕೊಳ್ಳಲು ನಮಗೆ ಸಾಧ್ಯವೇ?’ ಬೇಡ ಎಂದೇ ಹೇಳಿದೆ. ಹುಟ್ಟಿದ ಮೂರನೇ ದಿನ ಮನೆಗೆ ಹೋದರೆ ಮಗು ಉಳಿಯುತ್ತದೆ ಎನ್ನುವುದನ್ನು ಬೇರೆಯವರು ಸಾಬೀತು ಮಾಡಿಕೊಟ್ಟಿದ್ದಾರೆ. ನೀವು ಮತ್ತೆ ಸಾಬೀತು ಮಾಡಬೇಕಿಲ್ಲ. ಮೂರನೇ ದಿನ ಹೋದಿರಾ, ತೂಕ ನೋಡಿದಿರಾ ಎನ್ನುವುದನ್ನು ಸರಿಯಾಗಿ ಇಟ್ಟುಕೊಳ್ಳಿ. ಯಾರೂ ಮಾಡದ ಹೊಸ ಬಗೆಯ ಕೆಲಸವಾದರೆ ಮಾತ್ರ ಹೋಲಿಕೆ ಬೇಕಾಗುತ್ತದೆ. ಜಲಾನಯನದ ಕೆಲಸದಲ್ಲಿ ಅದು ಇನ್ನೂ ಅಗತ್ಯ. ಒಳ್ಳೆಯ ಮಳೆಯಾದ ವರ್ಷ ಬದು ಹಾಕದ ಊರಿನ ಬಾವಿಯೂ ತುಂಬುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿಯಲ್ಲಿ ನಡೆದ ಸುಜಲ ಯೋಜನೆಯಲ್ಲಿ ಇಸ್ರೋದ ಆಂಟ್ರಿಕ್ಸ್ ಸಂಸ್ಥೆಗೆ ಕೆಲಸ ನಡೆಯುತ್ತಿರುವಾಗಲೇ ಉಸ್ತುವಾರಿಯನ್ನು ವಹಿಸಿ, ಉಪಗ್ರಹ ಚಿತ್ರಗಳ ಜೊತೆ ಕ್ಷೇತ್ರ ಅಧ್ಯಯನವನ್ನೂ ಮಾಡಿಸಿದ್ದು ಆ ಕಾರಣಕ್ಕೇ. ನಿಮ್ಮಿಂದ ಅಷ್ಟು ಆಗದಿದ್ದರೂ ಪಕ್ಕದ ಊರಿನ ನಾಲ್ಕು ಬಾವಿಗಳ ಮಟ್ಟವನ್ನು ಬರೆದಿಟ್ಟುಕೊಳ್ಳಬಹುದು.

ಹಿಂದಿನ ಸಾಲಿನಲ್ಲಿದ್ದ ಕಾರ್ಯಕರ್ತೆಯೊಬ್ಬರು ಎದ್ದು, ‘ಸರ್, ಕಡಿಮೆ ಬರೆದರೆ ನಮಗೇ ಬೈಗುಳ. ಅದಕ್ಕೆ ಎಲ್ಲರೂ ಸ್ವಲ್ಪ ಜಾಸ್ತಿ ಬರೆಯುತ್ತಾರೆ’ ಎಂದರು. ಇಷ್ಟು ಜನರ ಎದುರು ಅವರು ಅದನ್ನು ಹೇಳಿದ್ದಕ್ಕೆ ನಾನು ಕೃತಜ್ಞ. ಇಡೀ ವ್ಯವಸ್ಥೆ ನಿಂತಿರುವುದು ಅವರ ಪ್ರಾಮಾಣಿಕತೆಯ ಮೇಲೆ, ಆ ಪ್ರಾಮಾಣಿಕತೆಯನ್ನು ಕಾಪಾಡುವ ಹೊಣೆ ಸಂಸ್ಥೆ ನಡೆಸುವವರದು. ಕೆಟ್ಟ ಸಂಖ್ಯೆ ಬಂದ ತಿಂಗಳು ಸಂಯೋಜಕರು ಆ ಹಳ್ಳಿಗೆ ಆಕೆಯ ಜೊತೆ ಎರಡು ದಿನ ಹೋಗಿ ಕೆಲಸ ಮಾಡಲಿ. ಕಡಿಮೆ ಬರೆದಾಗ ಸಹಾಯ ಬರುತ್ತದೆ ಎಂದು ಒಂದೆರಡು ಸಲ ಅನುಭವಕ್ಕೆ ಬಂದರೆ ಜಾಸ್ತಿ ಬರೆಯುವ ಕಾರಣವೇ ಹೋಗುತ್ತದೆ. ಕಾರ್ಯಕರ್ತರ ಬಡ್ತಿ, ಇನ್‌ಕ್ರಿಮೆಂಟನ್ನು ಅವರೇ ಬರೆಯುವ ಸಂಖ್ಯೆಗೆ ಕಟ್ಟಬೇಡಿ.

ಕೊನೆಯ ಪ್ರಶ್ನೆ ದಾನಿಗಳ ಫಾರ್ಮ್ಯಾಟ್ ಬಗ್ಗೆ. ನಲವತ್ತು ಕಾಲಂಗಳ ಹಾಳೆಯನ್ನು ಅವರೇ ಕಳಿಸುತ್ತಾರೆ, ಬದಲಿಸುವಂತಿಲ್ಲ ಎಂದು ಹಲವರು ದನಿಗೂಡಿಸಿದರು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕಷ್ಟ, ನಿಜ. ಪ್ರಸ್ತಾವನೆಯ ಹಂತದಲ್ಲಿ ಮಾತಾಡಲು ಅವಕಾಶವಿರುತ್ತದೆ. ಸೂಚಕಗಳ ಪುಟವನ್ನು ನಾವು ಸಾಮಾನ್ಯವಾಗಿ ಕೊನೆಯ ರಾತ್ರಿ, ಆಫೀಸಿನಲ್ಲಿ ಕುಳಿತು ತುಂಬುತ್ತೇವೆ. ಮುಂದಿನ ಪ್ರಸ್ತಾವನೆಗೆ ಆ ಪುಟವನ್ನು ಮೊದಲು ಬರೆಯಿರಿ. ಬರೆಯುವ ದಿನ ಕ್ಷೇತ್ರದ ಇಬ್ಬರು ಕಾರ್ಯಕರ್ತೆಯರನ್ನು ಬಸ್ ಚಾರ್ಜು, ಊಟ, ಆ ದಿನದ ಭತ್ಯೆ ಕೊಟ್ಟು ಕರೆಸಿಕೊಳ್ಳಿ. ಒಂದೊಂದೇ ಸಾಲು ಓದಿ, ಇದನ್ನು ಬರೆಯಲು ಎಷ್ಟು ಹೊತ್ತು ಬೇಕು, ಬರೆದ ಮೇಲೆ ನಿಮಗೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಅದೇ ಸಾಲಿನ ಪಕ್ಕದಲ್ಲಿ ಬರೆದು ದಾನಿಗಳಿಗೆ ಕಳಿಸಿ.